ಮೂವತ್ತನೆಯ ದಿನದ ಫೋನು

ತುರ್ತು ಲ್ಯಾಪರೊಟಮಿ, ಅಂದರೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಆದವರನ್ನು 30 ದಿನ ಬಿಡದೆ ಹಿಂಬಾಲಿಸುವುದು ನಮ್ಮಂಥ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಆಗಹೋಗುವ ಮಾತಲ್ಲ ಎಂದವರಲ್ಲಿ ನನ್ನ ಗುರುಗಳೂ ಇದ್ದರು. ಕಲ್ಯಾಣ ಕರ್ನಾಟಕದ ಈ ಭಾಗದಲ್ಲಿ ಹೊಲಿಗೆ ಬಿಚ್ಚಿಸಿಕೊಂಡ ರೋಗಿ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬುದು ಅವರ ವಾದ. ಈಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ 30ನೇ ದಿನದ ಸ್ಥಿತಿ ನನ್ನ ಪುಸ್ತಕದಲ್ಲಿದೆ. ಗುರುಗಳು ಅದನ್ನು ತಿರುವಿ ನೋಡಿ ಸುಮ್ಮನಾದರು.

ಮೊದಲು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಶಾಯಿಯಿಂದ ದಿನಾಂಕ ಬರೆದೆವು. ಅರ್ಧಕ್ಕರ್ಧ ಜನ ಬರಲಿಲ್ಲ. ಮೊಬೈಲಿಗೆ ಪ್ರಶ್ನಾವಳಿ ಕಳುಹಿಸಿದರೆ ತುಂಬಿದವರು ಇಬ್ಬರೋ ಮೂವರೋ, ಅದರಲ್ಲೊಬ್ಬ ನಮ್ಮ ವಾರ್ಡ್ ಬಾಯ್‌ನ ತಮ್ಮ. ಆಸ್ಪತ್ರೆಯ ಸ್ಥಿರ ದೂರವಾಣಿಯಿಂದ ಕರೆ ಮಾಡಿದರೆ ಬಾಕಿ ವಸೂಲಿಗೆಂದು ಭಾವಿಸಿ ಎತ್ತುತ್ತಿರಲಿಲ್ಲ. ಬಸ್ ಚಾರ್ಜು ಕೊಡುತ್ತೇನೆಂದು ಹೇಳಿ ಕೈಯಿಂದ ಹತ್ತು ಹನ್ನೆರಡು ಸಾವಿರ ಕಳೆದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಆಸೆ ಚಿಗುರಿತು. ಆದರೆ ಅಲ್ಸರ್ ತೂತಾಗಿ ಬರುವವರಲ್ಲಿ ಗಂಡಸರೇ ಹೆಚ್ಚು. ಟಿಕೆಟ್ಟಿಗಿಂತ ಅವರಿಗೆ ಭಾರವಾಗುವುದು ಒಂದು ದಿನದ ಕೂಲಿ.

ಕೊನೆಗೆ ರೋಗಿಯ ನಂಬರ್ ಬಿಟ್ಟು ಅವನ ಗಾಯಕ್ಕೆ ಪಟ್ಟಿ ಕಟ್ಟುವವರ ನಂಬರ್ ಹಿಡಿದೆವು. ಹೆಂಡತಿ, ಅತ್ತಿಗೆ, ಒಮ್ಮೊಮ್ಮೆ ಎಂಟನೇ ತರಗತಿಯ ಮಗಳು. ಡಿಸ್ಚಾರ್ಜ್‌ಗೆ ಮುನ್ನ ಮಂಚದ ಪಕ್ಕದಲ್ಲೇ ಅವರಿಂದ ಒಂದು ಫೋಟೋ ತೆಗೆಸಿ ಕಳುಹಿಸಿಕೊಳ್ಳುತ್ತೇವೆ: ಪಟ್ಟಿ ಬಿಚ್ಚಿರಬೇಕು, ಕಿಟಕಿಯ ಬೆಳಕಿರಬೇಕು, ಫ್ಲ್ಯಾಶ್ ಬೇಡ, ಮುಖ ಬರಬಾರದು, ಅಳತೆಗೆ ಪಕ್ಕದಲ್ಲಿ ಒಪಿಡಿ ಚೀಟಿ. ಈ ಫೋಟೋಗಳ ವಿಷಯಕ್ಕೇ ನೈತಿಕ ಸಮಿತಿಯಿಂದ ಕಡತ ಎರಡು ಸಲ ವಾಪಸಾಗಿತ್ತು. ಕರೆ ಮಾಡುವವರು ವಾರ್ಡಿನಲ್ಲಿ ಅವರನ್ನು ನೋಡಿಕೊಂಡ ನರ್ಸ್. ಪೂರ್ಣಗೊಂಡ ಕರೆಗೆ ಸುಮಾರು 30 ರೂಪಾಯಿ, ನನ್ನ ಜೇಬಿನಿಂದ. ಯಾವ ಹೊತ್ತಿಗೆ ಕರೆ, ಮೊದಲ ಪ್ರಶ್ನೆ ಏನು ಎಂಬುದನ್ನು ಮಾತ್ರ ಪ್ರಬಂಧ ಅಚ್ಚಾಗುವವರೆಗೆ ಹೇಳುವುದಿಲ್ಲ.

ತಲೆನೋವು ತಂದದ್ದು ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಗೆ ದರ್ಜೆ ಕೊಡುವ ಕ್ಲೇವಿಯನ್-ಡಿಂಡೊ ವರ್ಗೀಕರಣ. ಮಂಚದ ಮೇಲೆಯೇ ಗಾಯ ಬಿಡಿಸಿ ಕೀವು ತೆಗೆದರೆ ಒಂದನೇ ದರ್ಜೆ, ಆ್ಯಂಟಿಬಯೋಟಿಕ್ ಕೊಟ್ಟರೆ ಎರಡನೆಯದು. ಆದರೆ ಊರಿನ ಇಂಜೆಕ್ಷನ್ ಡಾಕ್ಟರರು ನೆಗಡಿಗೂ ಆ್ಯಂಟಿಬಯೋಟಿಕ್ ಚುಚ್ಚುತ್ತಾರೆ. ಅದನ್ನೆಲ್ಲ ಎಣಿಸಿದರೆ ನಮ್ಮ ರೋಗಿಗಳೆಲ್ಲ ಎರಡನೇ ದರ್ಜೆಗೆ ಬಡ್ತಿ! ಹಾಗಾಗಿ ಮಾತ್ರೆಯ ಖಾಲಿ ಪಟ್ಟಿಯ ಫೋಟೋವನ್ನೂ ಕೇಳಿ, ಗಾಯದ ಚಿತ್ರದೊಂದಿಗೆ ತಾಳೆ ನೋಡಿ ದರ್ಜೆ ಕೊಡುತ್ತೇವೆ.

ಡಿಸ್ಚಾರ್ಜ್ ರಿಜಿಸ್ಟರಿನ ಪ್ರಕಾರ ನಮ್ಮ ಗಾಯದ ಸೋಂಕು ನೂರಕ್ಕೆ ಹತ್ತರ ಆಸುಪಾಸು. ಫೋನು ಹಿಡಿದ ಮೇಲೆ, ಮನೆಗೆ ಹೋದ ನಂತರದ ಸೋಂಕೂ ಲೆಕ್ಕಕ್ಕೆ ಸಿಕ್ಕಿ, ಇಪ್ಪತ್ತು ದಾಟಿತು. ಆಡಳಿತದವರ ಮುಖ ಹುಳ್ಳಗಾಯಿತು. 66 ದೇಶಗಳ ಜಠರ-ಕರುಳಿನ ಶಸ್ತ್ರಚಿಕಿತ್ಸೆಗಳನ್ನು 30 ದಿನ ಗಮನಿಸಿ 2018ರಲ್ಲಿ ಪ್ರಕಟವಾದ ಗ್ಲೋಬಲ್‌ಸರ್ಜ್ ಅಧ್ಯಯನದಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಕೆಳಗಿರುವ ದೇಶಗಳ ಸೋಂಕಿನ ಪ್ರಮಾಣ ಶೇ 23.2 ಎಂದು ತೋರಿಸಿದೆ; ಅವರಿಗೆ ಅಷ್ಟು ಸಮಾಧಾನ ಸಾಕಾಯಿತು. ನನಗೆ ಸಾಲಲಿಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದ ಚೀಟಾ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಿತ್ತು: ಹೊಟ್ಟೆ ಮುಚ್ಚುವ ಮುನ್ನ ಗ್ಲೌಸು, ಉಪಕರಣ ಬದಲಿಸಿದರೆ ಸೋಂಕು 18.9ರಿಂದ 16ಕ್ಕೆ ಇಳಿಯುತ್ತದೆ. ಗ್ಲೌಸು ಆ ದಿನವೇ ಶುರು. ಮುಚ್ಚಲು ಬೇಕಾದ ಎರಡನೇ ಸೆಟ್ಟು ಉಪಕರಣಕ್ಕೆ ಆರು ತಿಂಗಳು ಅಂಗಲಾಚಿದೆ.

ಇದರ ನಡುವೆ ಇನ್ನೊಂದು ಹುಚ್ಚು. ಫೇಷಿಯಾ, ಅಂದರೆ ಹೊಟ್ಟೆಗೋಡೆಯ ಗಟ್ಟಿ ಪದರ, ಹೊಲಿದು ಮಿಕ್ಕ ದಾರವನ್ನು ಅಳೆದು, ಗಾಯದ ಉದ್ದಕ್ಕೆ ನಾಲ್ಕು ಪಟ್ಟು ದಾರ ಒಳಗೆ ಹೋಗಿದೆಯೇ ಎಂದು ಲೆಕ್ಕ ಹಾಕಿದೆ. ಹಗಲಿನಲ್ಲಿ ಸರಿಯಾಗಿತ್ತು. ರಾತ್ರಿ ಎರಡು ಗಂಟೆಯ ಕೇಸುಗಳಲ್ಲಿ ಅನೇಕ ಸಲ ಮೂರನ್ನೂ ಮುಟ್ಟಿರಲಿಲ್ಲ. ಈಗ ಗೋಡೆಗೆ ಸ್ಕೇಲು ಅಂಟಿಸಿದ್ದೇವೆ, ಪಿ.ಜಿ. ವಿದ್ಯಾರ್ಥಿಗಳು ಬೈದುಕೊಳ್ಳುತ್ತಲೇ ಅಳೆಯುತ್ತಾರೆ.

ಈ ದಾರದ ಲೆಕ್ಕ ಫಲಿಸಿತೋ ಇಲ್ಲವೋ ತಿಳಿಯಬೇಕಾದರೆ ವರ್ಷದ ನಂತರ ಹರ್ನಿಯಾ, ಅಂದರೆ ಹೊಲಿದ ಜಾಗ ಸಡಿಲವಾಗಿ ಒಳಗಿನದು ಉಬ್ಬಿದೆಯೇ ಎಂದು, ನೋಡಬೇಕು. ಅಷ್ಟರಲ್ಲಿ ಅರ್ಧ ಊರೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಸಿಮ್ ಬದಲಿಸಿರುತ್ತದೆ. ಅದಕ್ಕೆ ಈಗ ಆಶಾ ಕಾರ್ಯಕರ್ತೆಯರ ನಂಬರ್ ಕೂಡಿಸುತ್ತಿದ್ದೇನೆ.