ಕಣ್ಣಿಗೆ ಕಾಣದ ಹುಳುವೇ ಕುರಿಗೆ ಜಾಸ್ತಿ ಅಪಾಯ

ನಮ್ಮ ಮಂಡ್ಯದ ನಾಲೆ ಬಯಲಿನಲ್ಲಿ ಬಂಡೂರು ಕುರಿ ಸಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಲಾಡಿಹುಳುವಿಗೆ. ಮರಿಯ ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಂಡು ಕಂಡರೆ ಸಾಕು, ಅವತ್ತೇ ಔಷಧಿ ಅಂಗಡಿಗೆ ಹೋಗುತ್ತಾರೆ. ಇಷ್ಟು ವರ್ಷ ಕುರಿ ಸಾಕಿ ನಾನು ಕಂಡುಕೊಂಡಿದ್ದು ಬೇರೆ. ಕುರಿಯನ್ನು ಕೊಲ್ಲುವ ಹುಳು ಸಾಮಾನ್ಯವಾಗಿ ಹಿಕ್ಕೆಯಲ್ಲಿ ಕಾಣುವುದೇ ಇಲ್ಲ. ಅದರ ಮೊಟ್ಟೆ ಮಾತ್ರ ಹೊರಗೆ ಬರುತ್ತದೆ. ಅದನ್ನು ನೋಡಲು ಮೈಕ್ರೋಸ್ಕೋಪ್ ಬೇಕು.

ಎಲ್ಲವನ್ನೂ ನಾವು ಜಂತುಹುಳು ಅನ್ನುತ್ತೇವೆ. ಆದರೆ ಅವುಗಳ ಮೈ ಬೇರೆ, ಬದುಕು ಬೇರೆ, ಕೊಡಬೇಕಾದ ಔಷಧಿಯೂ ಬೇರೆ.

ಮೊದಲು ಲಾಡಿಹುಳು. ಮರಿಗಳಲ್ಲಿ ಕಾಣುವುದು ಮೊನೀಜಿಯಾ ಜಾತಿ. ಕೆಲವು ಮೀಟರ್ ಉದ್ದ ಬೆಳೆಯುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮರಿಯ ಕರುಳಿನಲ್ಲಿ ಕೂತು ಮೈಯ ಮೂಲಕವೇ ಆಹಾರ ಹೀರುತ್ತದೆ. ನಮಗೆ ಕಾಣುವ ಬಿಳಿ ತುಂಡುಗಳು ಮೊಟ್ಟೆ ತುಂಬಿ ಕಳಚಿದ ಅದರ ಮೈಯ ಭಾಗಗಳು. ಆ ಮೊಟ್ಟೆಯನ್ನು ಹುಲ್ಲಿನ ಬುಡದ ಸಣ್ಣ ನುಸಿ ತಿನ್ನಬೇಕು, ಆ ನುಸಿಯನ್ನು ಹುಲ್ಲಿನ ಜೊತೆ ಮರಿ ತಿನ್ನಬೇಕು. ಆಗ ಮಾತ್ರ ಹುಳು ಮುಂದಕ್ಕೆ ಹರಡುತ್ತದೆ. ತುಂಬಾ ಜಾಸ್ತಿ ಆದರೆ ಮರಿ ಸೊರಗುತ್ತದೆ, ನಿಜ. ಆದರೆ ಇದರಿಂದಲೇ ಮರಿ ಸಾಯುವುದು ಅಪರೂಪ. ಬೆಳೆದ ಕುರಿಗೆ ಅಂಥ ತೊಂದರೆ ಇಲ್ಲ.

ನನ್ನ ನಿಜವಾದ ಭಯ ಹೀಮಾಂಕಸ್ ಮೇಲೆ. ಇದು ದುಂಡುಹುಳು. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಡಿದ ಕುರಿಯ ನಾಲ್ಕನೇ ಹೊಟ್ಟೆಯನ್ನು ಬಿಡಿಸಿ ಬಿಸಿ ಆರುವ ಮುಂಚೆ ನೋಡಿ. ಎರಡು, ಮೂರು ಸೆಂಟಿಮೀಟರಿನ ಸಣ್ಣ ಎಳೆಗಳು ಒಳಪದರದ ಮೇಲೆ ಹರಿದಾಡುತ್ತಿರುತ್ತವೆ. ಹೆಣ್ಣುಹುಳುವಿನ ಮೈಯಲ್ಲಿ ಕೆಂಪು, ಬಿಳಿ ಸುತ್ತಿಕೊಂಡಿರುತ್ತದೆ. ಕೆಂಪು ಅಂದರೆ ಕುರಿಯ ರಕ್ತ ತುಂಬಿದ ಕರುಳು, ಬಿಳಿ ಅಂದರೆ ಮೊಟ್ಟೆಯ ನಾಳ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಒಂದು ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿ.ಲೀ. ಆಯಿತು. 30 ಕೆ.ಜಿ. ಕುರಿಯ ಮೈಯಲ್ಲಿ ಇರುವುದೇ ಹೆಚ್ಚು ಕಡಿಮೆ 2 ಲೀಟರ್ ರಕ್ತ. ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತದೆ, ಅಲ್ವಾ?

ಇದು ಬರೀ ರಕ್ತ ಹೀರುವ ಹುಳುವಾದ್ದರಿಂದ ಭೇದಿ ಆಗಬೇಕೆಂದಿಲ್ಲ. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಕುರಿ ಹಿಂದೆ ಬೀಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದುತ್ತದೆ. ಆ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಅದಕ್ಕೇ ನಾನು ಕಣ್ಣು ನೋಡುತ್ತೇನೆ. ಬೆಳಕಿನಲ್ಲಿ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುವುದು, ಅಷ್ಟೇ. ಕೆಂಪಿದ್ದರೆ ಸರಿ, ಬಿಳಿಚಿದ್ದರೆ ಆಪತ್ತು. ಇದಕ್ಕಾಗಿ ಐದು ಬಣ್ಣಗಳ ಫಮಾಚಾ ಎಂಬ ಕಾರ್ಡು ಇದೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು. ಫಾಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನಿಂದ ಅದಕ್ಕೆ ಆ ಹೆಸರು ಬಂತು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಎಲ್ಲ ಕುರಿಗಳ ಕಣ್ಣು ನೋಡುತ್ತೇನೆ. ಬಿಳಿಚಿದವಕ್ಕೆ ಮಾತ್ರ ಔಷಧಿ.

ಎಲ್ಲಕ್ಕೂ ಒಟ್ಟಿಗೆ ಯಾಕೆ ಕುಡಿಸುವುದಿಲ್ಲ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಒಂದು ಮಂದೆಯ ಬಹುಪಾಲು ಹುಳು ಕೆಲವೇ ಕುರಿಗಳಲ್ಲಿ ಇರುತ್ತದೆ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಹುಳುಗಳು ಮಾತ್ರ ಉಳಿದು ಸಂತಾನ ಬೆಳೆಸುತ್ತವೆ. ಒಂದು ಹೆಣ್ಣುಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಹಾಗಾಗಿ ಅಂಥ ಸಂತಾನ ಹೆಚ್ಚಲು ತುಂಬಾ ದಿನ ಬೇಡ. ತೂಕ ನೋಡದೆ ಕಮ್ಮಿ ಔಷಧಿ ಹಾಕಿದರೂ ಇದೇ ಗತಿ. ನನ್ನ ಹತ್ತಿರ ತೂಕದ ತಕ್ಕಡಿ ಇದೆ. ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ. ಗಬ್ಬದ ಕುರಿಗೆ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತು ಔಷಧಿ ಬೇಡವೇ ಬೇಡ. ಹೊಟ್ಟೆಯ ಮರಿಗೆ ಊನವಾಗಬಹುದು.

ಹಿಕ್ಕೆಯ ಜೊತೆ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಕುರಿಗೆ ಅಂಟುವ ಮರಿಹುಳುವಾಗುತ್ತದೆ. ಅದು ಇಬ್ಬನಿಯ ನೀರಿನಲ್ಲಿ ಹುಲ್ಲಿನ ಮೇಲಕ್ಕೆ ಹತ್ತುತ್ತದೆ. ಬಹುಪಾಲು ಬುಡದ ಹತ್ತಿರವೇ ಇರುತ್ತದೆ. ಅದಕ್ಕೇ ಇಬ್ಬನಿ ಆರುವವರೆಗೆ ನಾನು ಕುರಿ ಬಿಡುವುದಿಲ್ಲ. ಗರಿಕೆ ಬುಡದವರೆಗೂ ಸವೆದ ಜಾಗದಲ್ಲಿ ಮತ್ತೆ ಮೇಯಿಸುವುದಿಲ್ಲ. ಈದ ಕುರಿಗಳ ಮೇಲೆ ಕಣ್ಣು ಜಾಸ್ತಿ ಇಡುತ್ತೇನೆ. ಈಯುವ ಹೊತ್ತಿಗೆ ಅವುಗಳ ತಡೆಯುವ ಶಕ್ತಿ ತಗ್ಗುತ್ತದೆ. ಆಗ ಅವು ಹಾಕುವ ಮೊಟ್ಟೆಯೇ ಮರಿಗಳಿಗೆ ಹುಲ್ಲಿನಲ್ಲಿ ಕಾದಿರುತ್ತದೆ.

ಆದರೆ ನಾಲೆ ಬಯಲಿನಲ್ಲಿ ಬರೀ ಹೀಮಾಂಕಸ್ ನೋಡಿದರೆ ಸಾಲದು. ಕಣ್ಣು ಬಿಳಿಚಲು ಈಲಿಯ ಚಪ್ಪಟೆ ಹುಳುವೂ ಕಾರಣ ಆಗಬಹುದು. ಡಾಕ್ಟರು ಲಿವರ್ ಫ್ಲೂಕ್ ಅನ್ನುತ್ತಾರೆ. ನಮ್ಮ ಕಡೆಯದು ಫ್ಯಾಸಿಯೋಲಾ ಜೈಗಾಂಟಿಕಾ. ಬೆರಳಿನಷ್ಟು ಉದ್ದ ಬೆಳೆಯಬಲ್ಲದು. ಇದಕ್ಕೆ ಬಾಯಿ ಇದೆ, ಗುದ ಇಲ್ಲ. ಗಂಡು, ಹೆಣ್ಣು ಎರಡೂ ಒಂದೇ ಮೈಯಲ್ಲಿ. ಇದರ ಮೊಟ್ಟೆ ನೀರಿಗೆ ಬಿದ್ದು ಒಡೆಯಬೇಕು. ಹೊರಬಂದ ಮರಿ ಸುಮಾರು ಒಂದು ದಿನದೊಳಗೆ ನೀರಿನ ಬಸವನಹುಳುವನ್ನು ಹೊಕ್ಕಬೇಕು, ಇಲ್ಲವಾದರೆ ಸಾಯುತ್ತದೆ. ಹೊಕ್ಕರೆ ಒಂದು ನೂರಾರಾಗುತ್ತದೆ. ಅವು ಹೊರಬಂದು ನೀರಂಚಿನ ಹುಲ್ಲಿಗೆ, ಭತ್ತದ ಬುಡಕ್ಕೆ ಅಂಟಿ ಗಟ್ಟಿ ಹೊದಿಕೆಯೊಳಗೆ ಕೂರುತ್ತವೆ. ಕುಯ್ಲಾದ ಹಸಿ ಗದ್ದೆಯ ಕೂಳೆ ಮೇಯಿಸುವುದು ನಮ್ಮಲ್ಲಿ ರೂಢಿ. ಹುಳು ಹತ್ತುವುದು ಅಲ್ಲೇ.

ಕುರಿಯೊಳಗೆ ಎಳೆ ಹುಳುಗಳು ಈಲಿಯನ್ನು ಕೊರೆಯುತ್ತಾ ಸಾಗುತ್ತವೆ. ಒಟ್ಟಿಗೆ ಜಾಸ್ತಿ ಹೊಕ್ಕರೆ ಕುರಿ ದಿಢೀರನೆ ಸಾಯುತ್ತದೆ. ಮೊಟ್ಟೆ ಇಡಲು ಇವಕ್ಕೆ ಮೂರು ತಿಂಗಳಿಗೂ ಹೆಚ್ಚು ಬೇಕು. ಅಲ್ಲಿಯವರೆಗೆ ಹಿಕ್ಕೆ ಪರೀಕ್ಷೆಯಲ್ಲೂ ಏನೂ ಸಿಗದು. ಅಲ್ಬೆಂಡಜೋಲ್ ಬೆಳೆದ ಹುಳುಗಳನ್ನಷ್ಟೇ ಕೊಲ್ಲುತ್ತದೆ. ಎಳೆಯದನ್ನೂ ಕೊಲ್ಲಲು ಟ್ರೈಕ್ಲಾಬೆಂಡಜೋಲ್‌ನಂಥದ್ದು ಬೇಕು. ನಾನು ನಾಲೆ ಬಸಿಯುವ ಕಡೆ ಬೇಲಿ ಹಾಕಿದ್ದೇನೆ. ನೀರು ತೊಟ್ಟಿಯಲ್ಲೇ ಕುಡಿಸುತ್ತೇನೆ. ಹೊಸ ಹುಲ್ಲನ್ನು ಚೆನ್ನಾಗಿ ಒಣಗಿಸಿ, ಕೆಲವು ತಿಂಗಳು ಮೆದೆಯಲ್ಲಿಟ್ಟ ಮೇಲೆ ಹಾಕುತ್ತೇನೆ.

ಪಶು ಆಸ್ಪತ್ರೆಗೆ ಹಿಕ್ಕೆ ಕೊಡುವಾಗ ಎರಡು ಬಗೆಯ ಪರೀಕ್ಷೆಯನ್ನೂ ಕೇಳಿ. ಗಟ್ಟಿ ಉಪ್ಪುನೀರಿನಲ್ಲಿ ದುಂಡುಹುಳುವಿನ ಮೊಟ್ಟೆ ತೇಲುತ್ತದೆ. ಚಪ್ಪಟೆ ಹುಳುವಿನ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ. ತೇಲಿದ್ದನ್ನಷ್ಟೇ ನೋಡಿದರೆ ಅದು ತಪ್ಪಿಹೋಗುತ್ತದೆ.

ಇನ್ನೊಂದು ಮಾತು, ನಾಯಿ ಸಾಕಿದವರಿಗೆ. ಕುರಿ ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತುತ್ತಿದ್ದರೆ, ಅದರ ಮೆದುಳಿನಲ್ಲಿ ನಾಯಿಯ ಲಾಡಿಹುಳುವಿನ ಮರಿಗುಳ್ಳೆ ಬೆಳೆದಿರಬಹುದು. ನಾಯಿಯ ಕಕ್ಕಸ್ಸಿನ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಆ ಕುರಿಯ ಹಸಿ ತಲೆ ತಿಂದ ನಾಯಿಗೆ ಮತ್ತೆ ಹುಳು. ಸತ್ತ ಕುರಿಯನ್ನು ಆಳವಾಗಿ ಹೂಳಿ. ನಮ್ಮ ಮನೆಯ ನಾಯಿಗಳಿಗೂ ಡಾಕ್ಟರು ಹೇಳಿದಂತೆ ಜಂತು ಔಷಧಿ ತಪ್ಪದೆ ಹಾಕಿಸುತ್ತೇನೆ. ಅಕ್ಕಪಕ್ಕದ ಮನೆಯ ನಾಯಿಗಳಿಗೂ ಹಾಕಿಸಿ ಅಂತ ಕೇಳಿಕೊಳ್ಳುತ್ತೇನೆ. ಮೇಯುವ ಬಯಲು ಎಲ್ಲರಿಗೂ ಒಂದೇ ತಾನೆ.