ಚಳಿಗಾಲದ ರಜೆಗೆ ಈಜುಡುಗೆ ತುಂಬಿಕೊಳ್ಳುವ ಮೊದಲು

ಚಳಿಗಾಲದ ರಜೆಗೆ ಎಲ್ಲಿಗೆ ಹೋಗುವುದೆಂದು ನಿಶ್ಚಯವಾದ ಕೂಡಲೇ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಈಜಬಹುದೇ ಎಂದು. ದೊಡ್ಡವರು ಮೊಬೈಲ್ ತೆಗೆದು ಹವಾಮಾನ ನೋಡುತ್ತಾರೆ. ಹಗಲಿನ ಉಷ್ಣಾಂಶ 25 ಡಿಗ್ರಿ ಎಂದು ಕಂಡರೆ ಧಾರಾಳವಾಗಿ ಈಜಬಹುದು ಎಂದುಬಿಡುತ್ತಾರೆ, ಈಜುಡುಗೆ ಚೀಲ ಸೇರುತ್ತದೆ. ಆದರೆ ಆ 25 ಡಿಗ್ರಿ ಗಾಳಿಯದು. ಮಗು ಇಳಿಯುವುದು ನೀರಿಗೆ. ಅಷ್ಟು ದೂರ ಹೋಗಿ ಕೊಳದ ಅಂಚಿನಲ್ಲಿ ಪಾದ ಮಾತ್ರ ಅದ್ದಿಕೊಂಡು, ಮುಖ ಸಣ್ಣದು ಮಾಡಿ ಕುಳಿತ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊರಡುವ ಮೊದಲು ದೊಡ್ಡವರು ನಾಲ್ಕು ಪ್ರಶ್ನೆ ಕೇಳಿದ್ದರೆ ಆ ನಿರಾಸೆ ತಪ್ಪುತ್ತಿತ್ತು.

25 ಡಿಗ್ರಿಯ ಗಾಳಿಯಲ್ಲಿ ತೆಳುವಾದ ಬಟ್ಟೆ ತೊಟ್ಟು ಇಡೀ ದಿನ ಕಳೆಯಬಹುದು. ಅದೇ 25 ಡಿಗ್ರಿಯ ನೀರಿನಲ್ಲಿ ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿಗೇ ಮೈ ಚಳಿಗಟ್ಟುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ 20 ಪಟ್ಟಿಗೂ ಹೆಚ್ಚು, ಹಾಗಾಗಿ ಅದು ಮೈಯ ಬಿಸಿಯನ್ನು ಬಲು ಬೇಗ ಸೆಳೆದುಕೊಳ್ಳುತ್ತದೆ. ಅಲುಗಾಡದೆ ನಿಂತವರಿಗೆ ನೀರಿನಲ್ಲಿ ಚಳಿಯೂ ಆಗದೆ ಸೆಕೆಯೂ ಆಗದೆ ಇರಬೇಕಾದರೆ ಅದು ಹೆಚ್ಚುಕಡಿಮೆ 33ರಿಂದ 35 ಡಿಗ್ರಿ ಇರಬೇಕು. ಜೋರಾಗಿ ಈಜುವವರ ಲೆಕ್ಕ ಬೇರೆ. ಅವರ ಸ್ನಾಯುಗಳೇ ಬಿಸಿ ಹುಟ್ಟಿಸುವುದರಿಂದ ಸ್ಪರ್ಧೆಯ ಕೊಳಗಳನ್ನು 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ. ರಜೆಗೆ ಹೋದ ಕುಟುಂಬ ಹಾಗೆ ಈಜುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಮಾತನಾಡುತ್ತದೆ, ಚೆಂಡು ಎಸೆಯುತ್ತದೆ, ಮಗುವಿಗೆ ತೇಲುವುದನ್ನು ಕಲಿಸುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಸ್ಪರ್ಧಾಳುವಿನ ನೀರಿಗಿಂತ ಬೆಚ್ಚಗಿನ ನೀರು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಅಳತೆ ಹೀಗಿದೆ. 30 ಡಿಗ್ರಿಯ ಆಸುಪಾಸಿನ ನೀರಾದರೆ ಪುಟ್ಟ ಮಕ್ಕಳನ್ನೂ ನಿಶ್ಚಿಂತೆಯಿಂದ ಇಳಿಸಬಹುದು. 27, 28 ಆದರೆ ಓಡಾಡಿಕೊಂಡಿರುವ ದೊಡ್ಡ ಮಕ್ಕಳು ಮನಸೋ ಇಚ್ಛೆ ಆಡುತ್ತಾರೆ, ಚಿಕ್ಕವರನ್ನು ಮಾತ್ರ ಆಗಾಗ ಮೇಲೆತ್ತಬೇಕು. 24ಕ್ಕೆ ಇಳಿದರೆ ಇಳಿದು ಏಳುವ ಸಂಭ್ರಮವಷ್ಟೇ, ಅರ್ಧ ಗಂಟೆಯ ಆಟ ನಿರೀಕ್ಷಿಸಬೇಡಿ. 20ರ ಕೆಳಗೆ ಮಕ್ಕಳಿಗೆ ಬೇಡವೇ ಬೇಡ. 15ರ ಕೆಳಗಿನ ನೀರು ದೊಡ್ಡವರಿಗೂ ಅಪಾಯದ್ದು. ಅಂಥ ನೀರಿಗೆ ಧುಮುಕಿದ ಕ್ಷಣದಲ್ಲಿ ನಮ್ಮ ಅಂಕೆ ಮೀರಿ ಉಸಿರು ಒಳಕ್ಕೆಳೆಯುತ್ತದೆ. ಆಗ ಮುಖ ನೀರಿನಡಿ ಇದ್ದರೆ ನೀರೇ ಒಳಗೆ ಹೋಗುತ್ತದೆ. ಎದೆಬಡಿತ, ರಕ್ತದೊತ್ತಡ ಎರಡೂ ಒಮ್ಮೆಲೇ ಏರುತ್ತವೆ. ಚೆನ್ನಾಗಿ ಈಜು ಬಲ್ಲವರೂ ತಣ್ಣೀರಿನಲ್ಲಿ ಮುಳುಗುವುದು ಹೆಚ್ಚಾಗಿ ಈ ಮೊದಲ ಕೆಲವು ನಿಮಿಷಗಳಲ್ಲಿ.

ಈಗ ತಂಗುವ ಜಾಗದ ಕೊಳದ ವಿಚಾರ. ಬಿಸಿ ಮಾಡದ ತೆರೆದ ಕೊಳದ ನೀರು ಮಧ್ಯಾಹ್ನದ ಬಿಸಿಲನ್ನು ಮಾತ್ರ ನೋಡಿ ಕಾಯುವುದಿಲ್ಲ, ಹಗಲು ರಾತ್ರಿ ಎರಡರ ಸರಾಸರಿಗೆ ಹತ್ತಿರ ನಿಲ್ಲುತ್ತದೆ. ಹಗಲು 26, ರಾತ್ರಿ 12 ಇರುವ ಕಡೆ ಕೊಳದ ನೀರು 20ರ ಆಜುಬಾಜು ಇದ್ದರೆ ಆಶ್ಚರ್ಯಪಡಬೇಕಿಲ್ಲ. ಆದ್ದರಿಂದ ಹವಾಮಾನ ನೋಡುವಾಗ ರಾತ್ರಿಯ ಅಂಕಿಯನ್ನೂ ನೋಡಿ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಕೊಳ ಬಿಸಿ ಕಳೆದುಕೊಳ್ಳುವುದು ಬಹುಪಾಲು ಮೇಲ್ಮೈಯಿಂದ ಆವಿಯಾಗುವುದರಿಂದ. ರಾತ್ರಿ ಹೊದಿಕೆ ಹಾಸುವ ಕೊಳಕ್ಕೂ ಬಯಲಿಗೆ ಬಿಟ್ಟ ಕೊಳಕ್ಕೂ ಬೆಳಿಗ್ಗೆ ಎದ್ದು ಕಾಣುವ ವ್ಯತ್ಯಾಸವಿರುತ್ತದೆ.

ಕೊಳ ಬಿಸಿಯಾಗಿದೆಯೇ ಎಂದು ಕೇಳಿದರೆ ಹೌದು ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಡಿಗ್ರಿಗೆ ಬಿಸಿ ಮಾಡುತ್ತೀರಿ, ನಾವು ಬರುವ ತಿಂಗಳಿನಲ್ಲೂ ಬಿಸಿ ಮಾಡುತ್ತೀರಾ, ಮಕ್ಕಳ ಚಿಕ್ಕ ಕೊಳಕ್ಕೂ ಅದೇ ಬಿಸಿ ಇದೆಯೇ, ರಾತ್ರಿ ಮುಚ್ಚುತ್ತೀರಾ ಎಂದು ಬಿಡಿಸಿ ಕೇಳಿ. ಸಂಖ್ಯೆ ಹೇಳಲು ಹಿಂದೆಮುಂದೆ ನೋಡಿದರೆ ಆ ಕೊಳವನ್ನು ನೆಚ್ಚಿಕೊಂಡು ಮಕ್ಕಳಿಗೆ ಮಾತು ಕೊಡಬೇಡಿ. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಕೊಳದ ಮೇಲೆ ಬಿಸಿಲು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬೀಳುತ್ತದೆ? ಚಳಿಗಾಲದಲ್ಲಿ ಸೂರ್ಯ ಕೆಳಗೇ ಹಾದುಹೋಗುವುದರಿಂದ ಕಟ್ಟಡದ ನೆರಳು ಉದ್ದವಾಗುತ್ತದೆ. ಬೇಸಿಗೆಯ ಚಿತ್ರಗಳಲ್ಲಿ ಥಳಥಳಿಸುವ ಕೊಳ ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೇ ನೆರಳು ಸೇರಿಬಿಡಬಹುದು. ಈಜುವುದೇ ರಜೆಯ ಮುಖ್ಯ ಆಸೆಯಾಗಿದ್ದರೆ ಒಳಾಂಗಣದ ಬಿಸಿನೀರಿನ ಕೊಳವಿರುವ ಜಾಗವನ್ನೇ ಆರಿಸಿ. ಹವಾಮಾನ ಹೇಗೇ ತಿರುಗಿದರೂ ಮಕ್ಕಳ ಆಟ ನಿಲ್ಲುವುದಿಲ್ಲ.

ಸಮುದ್ರದ ಸ್ವಭಾವವೇ ಬೇರೆ. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಗಾಳಿಯ ಉಷ್ಣಾಂಶದ ಹಿಂದೆ ಒಂದೆರಡು ತಿಂಗಳು ತಡವಾಗಿ ಬರುತ್ತದೆ. ಉತ್ತರಾರ್ಧಗೋಳದಲ್ಲಿ ಸಮುದ್ರ ಅತಿ ತಣ್ಣಗಿರುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ ತಿಂಗಳುಗಳಲ್ಲಿ. ಗಾಳಿ ಒಂದೇ ಬಗೆಯದೆಂದು ತೋರಿದರೂ ಡಿಸೆಂಬರಿನ ಆರಂಭದ ಕಡಲು ಫೆಬ್ರವರಿಯ ಕಡಲಿಗಿಂತ ಬೆಚ್ಚಗಿರುತ್ತದೆ. ರಜೆಯ ದಿನಗಳನ್ನು ಹಿಂದೆ ಮುಂದೆ ಮಾಡಲು ಅವಕಾಶವಿದ್ದರೆ ಚಳಿಗಾಲದ ಮೊದಲರ್ಧಕ್ಕೆ ಇಟ್ಟುಕೊಳ್ಳಿ. ಫೆಬ್ರವರಿ ಕೊನೆಯ ಬಿಸಿಲು ಕಂಡು ಇನ್ನೇನು ಚಳಿ ಹೋಯಿತು ಎಂದು ಕಡಲಿಗೆ ಓಡಿದವರಿಗೆ ನೀರು ಮುಟ್ಟಿದ ಮೇಲೆಯೇ ಸಂಗತಿ ತಿಳಿಯುವುದು.

ಜಾಗದ ಹೆಸರು ಕೇಳಿ ನೀರಿನ ಬಿಸಿಯನ್ನು ಊಹಿಸಲೂ ಆಗದು. ಮಾಲ್ಡೀವ್ಸ್‌ನಂತಹ ಸಮಭಾಜಕದ ಹತ್ತಿರದ ದ್ವೀಪಗಳಲ್ಲಿ ಕಡಲು ವರ್ಷವಿಡೀ ಸುಮಾರು 28 ಡಿಗ್ರಿ, ಅಲ್ಲಿ ಈ ಚಿಂತೆಯೇ ಇಲ್ಲ. ಕೆರಿಬಿಯನ್ ಕಡಲು ಜನವರಿಯಲ್ಲೂ 26ರ ಆಸುಪಾಸು ಇರುತ್ತದೆ. ಆಫ್ರಿಕಾದ ವಾಯವ್ಯ ಕರಾವಳಿಯಾಚೆಗಿನ ಕೆನರಿ ದ್ವೀಪಗಳಿಗೆ ಬೆಚ್ಚನೆಯ ಚಳಿಗಾಲವೆಂಬ ಹೆಸರಿದೆ, ಹಗಲಿನ ಗಾಳಿಯೂ ಹಿತವಾಗಿಯೇ ಇರುತ್ತದೆ, ಆದರೆ ತಂಪು ಸಾಗರಪ್ರವಾಹದ ಮಗ್ಗುಲಲ್ಲಿರುವುದರಿಂದ ಕಡಲು 19, 20ರಲ್ಲಿ ನಿಲ್ಲುತ್ತದೆ. ಮೆಡಿಟರೇನಿಯನ್ ಸಮುದ್ರ ಎಷ್ಟು ನೀಲಿಯಾಗಿ ಹೊಳೆದರೂ ಚಳಿಗಾಲದಲ್ಲಿ ಬಹುತೇಕ ಕಡೆ 17ರ ಕೆಳಗಿರುತ್ತದೆ. ಆಸ್ಟ್ರೇಲಿಯಾಕ್ಕೋ ದಕ್ಷಿಣ ಆಫ್ರಿಕಾಕ್ಕೋ ಡಿಸೆಂಬರಿನಲ್ಲಿ ಹೋದರೆ ಅಲ್ಲಿ ಬೇಸಿಗೆ. ಆದರೂ ಕೇಪ್‌ಟೌನ್‌ನ ಅಟ್ಲಾಂಟಿಕ್ ದಡದ ನೀರು ನಡುಬೇಸಿಗೆಯಲ್ಲೂ ಮೂಳೆ ಕೊರೆಯುತ್ತದೆ, ತಂಪಾದ ಬೆಂಗ್ವೆಲಾ ಪ್ರವಾಹ ಹರಿಯುವುದು ಅಲ್ಲೇ. ಹಾಗಾಗಿ ಹವಾಮಾನದ ಪುಟದಲ್ಲಿ ಸಮುದ್ರದ ಉಷ್ಣಾಂಶ ಎಂಬ ಪ್ರತ್ಯೇಕ ಅಂಕಿಯನ್ನು ಹುಡುಕಿ ನೋಡಿ, ನಿಮ್ಮ ತಿಂಗಳಿನದನ್ನೇ ನೋಡಿ. ನೀರಿನ ಬಿಸಿಯಷ್ಟೇ ಅಲೆಯೂ ಲೆಕ್ಕಕ್ಕೆ ಬರುತ್ತದೆ. ಅನೇಕ ಕರಾವಳಿಗಳಲ್ಲಿ ಚಳಿಗಾಲದ ಅಲೆಗಳು ದೊಡ್ಡವು, ಜನ ಕಡಿಮೆಯಾದ ದಿನಗಳಲ್ಲಿ ಜೀವರಕ್ಷಕರೂ ಇರುವುದಿಲ್ಲ. ಕಾವಲಿಲ್ಲದ ಕಡಲಿಗೆ ಮಕ್ಕಳನ್ನು ಇಳಿಸಬೇಡಿ, ಮೊಣಕಾಲುದ್ದದ ನೀರಿದ್ದರೂ ಬೇಡ.

ಇಷ್ಟೆಲ್ಲ ಸರಿಯಿದ್ದರೂ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವುದು ಮಗು ನೀರಿನಿಂದ ಹೊರಬರುವ ಗಳಿಗೆ. ಒದ್ದೆ ಮೈಮೇಲೆ ಗಾಳಿ ಬೀಸಿದೊಡನೆ ನೀರು ಆವಿಯಾಗುತ್ತಾ ಚರ್ಮದ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿಯಿಲ್ಲದ 22 ಡಿಗ್ರಿಯ ದಿನ ಎಷ್ಟೋ ವಾಸಿ, ಗಾಳಿ ಬೀಸುವ 26 ಡಿಗ್ರಿಯ ದಿನ ಮಕ್ಕಳನ್ನು ನಡುಗಿಸಿಬಿಡುತ್ತದೆ. ಮಕ್ಕಳ ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಕೊಬ್ಬಿನ ಪದರವೂ ತೆಳು. ಬಟ್ಟಲಿನ ಹಾಲು ದೊಡ್ಡ ಪಾತ್ರೆಯ ಹಾಲಿಗಿಂತ ಬೇಗ ಆರುವ ಹಾಗೆ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಆದ್ದರಿಂದ ಮಗು ನೀರಿಗೆ ಇಳಿಯುವ ಮೊದಲೇ ಒಣ ಟವೆಲ್, ಬೆಚ್ಚನೆಯ ಮೇಲಂಗಿ, ಟೊಪ್ಪಿ, ಚಪ್ಪಲಿ ಎಲ್ಲವೂ ಏಣಿಯ ಪಕ್ಕದಲ್ಲೇ ಇರಲಿ. ಕೋಣೆಯಲ್ಲಿದೆ, ಓಡಿ ತರುತ್ತೇನೆ ಎಂಬುದು ನಡೆಯದ ಮಾತು. ಹೊರಬಂದ ಮಗುವಿನ ತಲೆ, ಮೈ ಒರೆಸಿ, ಒದ್ದೆ ಉಡುಗೆ ತೆಗೆಸಿ, ಒಣ ಬಟ್ಟೆ ತೊಡಿಸಿ. ಒದ್ದೆ ಉಡುಗೆಯ ಮೇಲೆಯೇ ಟವೆಲ್ ಸುತ್ತಿ ಕೂರಿಸಿದರೆ ಏನೂ ಪ್ರಯೋಜನವಿಲ್ಲ. ಆಮೇಲೆ ಬಿಸಿಯಾಗಿ ಕುಡಿಯಲು ಏನಾದರೂ ಕೊಡಿ.

ತುಟಿ ನೀಲಿಗಟ್ಟಿತೇ, ಹಲ್ಲು ಕಟಕಟ ಎನ್ನುತ್ತಿದೆಯೇ ಎಂದು ನೋಡುತ್ತಲೇ ಇರಿ. ಮೊದಲ ನಡುಕ ಕಂಡಾಗಲೇ ಆಟ ಮುಗಿಸಬೇಕು. ಇನ್ನೈದು ನಿಮಿಷ ಎಂದು ಮಗು ಎಷ್ಟು ಗೋಗರೆದರೂ ಕರಗಬೇಡಿ, ಆಟದ ಭರದಲ್ಲಿ ಮಕ್ಕಳಿಗೆ ತಮ್ಮ ಚಳಿ ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ಕುಣಿಯುತ್ತಿದ್ದ ಮಗು ಮಂಕಾದರೆ, ಮಾತು ತೊದಲಿದರೆ, ಕೈಕಾಲು ತಡವರಿಸಿದರೆ, ಮೈ ತಣ್ಣಗಿದ್ದೂ ನಡುಕ ನಿಂತರೆ ಸುಧಾರಿಸಿತು ಎಂದುಕೊಳ್ಳಬೇಡಿ. ಒಣಗಿಸಿ ಕಂಬಳಿ ಹೊದಿಸಿ ತಕ್ಷಣ ವೈದ್ಯರ ನೆರವು ಪಡೆಯಬೇಕಾದ ಸ್ಥಿತಿ ಅದು.

ತಣ್ಣೀರಿನಲ್ಲಿ ಆಡಿದರೆ ನೆಗಡಿ ಬರುತ್ತದೆ ಎಂದು ಮಕ್ಕಳನ್ನು ಹೆದರಿಸುವ ಹಿರಿಯರಿದ್ದಾರೆ. ನೆಗಡಿ ಬರುವುದು ವೈರಾಣುವಿನಿಂದ, ಬರೀ ಒದ್ದೆಯಾದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ. ತಲೆ ಒಣಗಿಸಲು ನಾನು ಹೇಳುವುದು ಮೈ ಬೆಚ್ಚಗಿರಲೆಂದು.

ಮನೆಯ ಹಿರಿಯರ ಬಗ್ಗೆಯೂ ಎಚ್ಚರ ಬೇಕು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ತಣ್ಣೀರಿಗೆ ಧುಮುಕಬಾರದು. ವೈದ್ಯರು ಒಪ್ಪಿದ್ದರೆ ಮೆಟ್ಟಿಲಿನಿಂದ ನಿಧಾನವಾಗಿ ಇಳಿದು, ತೋಳು ಎದೆಗಳಿಗೆ ನೀರು ಸೋಕಿಸಿಕೊಂಡು ಒಗ್ಗಿಸಿಕೊಳ್ಳಲಿ. ಕೊಳದ ಪಕ್ಕದ ಬಿಸಿನೀರಿನ ತೊಟ್ಟಿ ಎಲ್ಲರಿಗೂ ಆಕರ್ಷಣೆಯೇ. ಆದರೆ ಅದರ ನೀರು 40 ಡಿಗ್ರಿ ಮೀರಬಾರದು, 5 ವರ್ಷದೊಳಗಿನ ಮಕ್ಕಳನ್ನು ಅದರಲ್ಲಿ ಕೂರಿಸಬಾರದು, ಬಸುರಿಯರು ದೂರವಿರುವುದೇ ಒಳ್ಳೆಯದು. ಬಿಸಿ ತೊಟ್ಟಿಯಿಂದ ಎದ್ದು ನೇರವಾಗಿ ತಣ್ಣನೆಯ ಕೊಳಕ್ಕೆ ಹಾರುವ ಆಟವನ್ನು ಹೃದ್ರೋಗವಿರುವವರು ಆಡಲೇಬಾರದು.

ಚೀಲದಲ್ಲಿ ನೀರಿನಲ್ಲಿ ತೇಲುವ ಒಂದು ಚಿಕ್ಕ ಉಷ್ಣಮಾಪಕವಿರಲಿ. ಇಳಿಯಬೇಕೋ ಬೇಡವೋ ಎಂಬ ಚರ್ಚೆಯನ್ನು ಅದು ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ, ಮಕ್ಕಳೂ ಅಂಕಿಯನ್ನು ನೋಡಿದರೆ ಒಪ್ಪುತ್ತಾರೆ. 22, 23 ಡಿಗ್ರಿಯ ನೀರಿಗೆ ಇಳಿಯಲೇಬೇಕೆಂದರೆ ಮಕ್ಕಳಿಗೆ 2ರಿಂದ 3 ಮಿಲಿಮೀಟರ್ ದಪ್ಪದ ನಿಯೋಪ್ರೀನ್ (ಒಂದು ಬಗೆಯ ಕೃತಕ ರಬ್ಬರ್) ಉಡುಗೆ ತೊಡಿಸಿ. ಬಿಸಿಲಿನಿಂದ ಕಾಪಾಡುವ ತೆಳು ಈಜಂಗಿ ಚಳಿಯನ್ನು ತಡೆಯುವುದಿಲ್ಲ. ಈಜಲು ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವಿನ ಹೊತ್ತು ಉತ್ತಮ, ಆದರೆ ಊಟವಾದ ಮೇಲೆ ಸ್ವಲ್ಪ ಬಿಡುವು ಕೊಟ್ಟು ಇಳಿಯಲಿ. ಒಬ್ಬೊಬ್ಬರಿಗೂ ಎರಡೆರಡು ಈಜುಡುಗೆ ತುಂಬಿಕೊಳ್ಳಿ. ಚಳಿಗಾಲದಲ್ಲಿ ಹಿಂಡಿ ಹರವಿದ ಉಡುಗೆ ಮರುದಿನಕ್ಕೂ ಒಣಗಿರುವುದಿಲ್ಲ, ಬೆಳಿಗ್ಗೆ ಆ ತಣ್ಣನೆಯ ಒದ್ದೆ ಬಟ್ಟೆಯನ್ನೇ ತೊಡಿಸಿದರೆ ಮಗು ನೀರು ಮುಟ್ಟುವ ಮೊದಲೇ ನಡುಗಲು ಶುರುಮಾಡುತ್ತದೆ.