ಓಡುತ್ತಾ ಓಡುತ್ತಾ ನಿಲ್ಲುತ್ತಿದ್ದ ಹಳೇ ಬೋಟ್ ಎಂಜಿನ್: ನಾನು ದೋಷ ಹುಡುಕಿದ ದಾರಿ

ನನ್ನ ಬೋಟಿನಲ್ಲಿರುವುದು ಎರಡು ಸಿಲಿಂಡರಿನ ಹಳೇ ಡೀಸೆಲ್ ಎಂಜಿನ್. ಎಲೆಕ್ಟ್ರಾನಿಕ್ ಭಾಗ ಅನ್ನೋದು ಒಂದೂ ಇಲ್ಲ. ದಡಕ್ಕೆ ಕಟ್ಟಿ ಐಡ್ಲಿಂಗಿನಲ್ಲಿ ಬಿಟ್ಟರೆ ಎಷ್ಟು ಹೊತ್ತು ಬೇಕಾದರೂ ಓಡುತ್ತಿತ್ತು. ಹೊರಟು, ರೇಸ್ ಕೊಟ್ಟು ಸ್ವಲ್ಪ ದೂರ ಹೋದ ಮೇಲೆ ಸದ್ದು ಬದಲಾಗುತ್ತಿತ್ತು. ಆರ್‌ಪಿಎಂ ಇಳಿಯುತ್ತದೆ, ತಾನಾಗಿ ಏರುತ್ತದೆ, ಮತ್ತೆ ಇಳಿಯುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಫಿಲ್ಟರಿನ ಹತ್ತಿರ ಏರ್ ತೆಗೆದರೆ, ಅಂದರೆ ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಟ್ಟರೆ, ಮತ್ತೆ ಸ್ಟಾರ್ಟ್. ಸ್ವಲ್ಪ ದೂರ ಹೋದರೆ ಮತ್ತೆ ಅದೇ ಕಥೆ.

ಎಂಜಿನ್ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಮೊದಲು ಗಮನಿಸಬೇಕು. ಸ್ಪ್ಯಾನರ್ ಆಮೇಲೆ. ಸ್ವಿಚ್ ಆರಿಸಿದ ಹಾಗೆ ಒಂದೇ ಸಲಕ್ಕೆ ನಿಂತರೆ ಪ್ರೊಪೆಲ್ಲರಿಗೆ ಹಗ್ಗ ಸುತ್ತಿರಬಹುದು, ಇಲ್ಲವೇ ಸ್ಟಾಪ್ ಲಿವರ್ ತಾನಾಗಿ ಎಳೆದುಕೊಂಡಿರಬಹುದು. ಕಪ್ಪು ಹೊಗೆ ಬಿಡುತ್ತಾ ನಿಧಾನಕ್ಕೆ ಸೋತರೆ ಗಾಳಿ ಸಾಲುತ್ತಿಲ್ಲ, ಅಥವಾ ಎಕ್ಸಾಸ್ಟ್ ಕಟ್ಟಿಕೊಂಡಿದೆ, ಅಥವಾ ಲೋಡ್ ಜಾಸ್ತಿ. ಹೊಗೆಯೂ ಇಲ್ಲ, ಆರ್‌ಪಿಎಂ ಮಾತ್ರ ಏರಿ ಇಳಿದು ನಿಲ್ಲುತ್ತದೆ ಅಂದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ ಅಂತಲೇ ಲೆಕ್ಕ. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಶಕ್ತಿ, ಹೋಗಿದ್ದರೆ ಮೊದಲು ಸ್ಟಾರ್ಟ್ ಆಗುವುದೇ ಕಷ್ಟ. ಏರ್ ತೆಗೆದ ಕೂಡಲೇ ಅದೇನು ವಾಪಸ್ ಬರಲ್ಲ, ಅಲ್ವಾ? ಆದರೂ ಏರ್ ಫಿಲ್ಟರ್ ಬಿಚ್ಚಿ ನೋಡಿದೆ. ಎಕ್ಸಾಸ್ಟ್ ಪೈಪಿಗೆ ಉಪ್ಪುನೀರು ಸೇರುವ ಬಾಗಿನಲ್ಲಿ ಮಸಿ ಕಟ್ಟಿದೆಯಾ ಅಂತಲೂ ನೋಡಿದೆ. ಎರಡೂ ಸರಿ ಇದ್ದವು.

ಟ್ಯಾಂಕಿನಿಂದ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತನಕ ಡೀಸೆಲ್ ಬರುವ ದಾರಿ ಉದ್ದ. ಕಂಡಕಂಡ ಭಾಗ ಬಿಚ್ಚುತ್ತಾ ಹೋದರೆ ಹೊಸ ತೊಂದರೆ ಹುಟ್ಟಿಕೊಳ್ಳುತ್ತದೆ. ಹಾಗಾಗಿ ದಾರಿಯನ್ನು ಮಧ್ಯಕ್ಕೆ ಎರಡು ಮಾಡಿದೆ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಎಂಜಿನ್ ಪಕ್ಕ ಭದ್ರವಾಗಿ ಕಟ್ಟಿ, ಅದರಿಂದ ಒಂದು ಹೋಸ್ ತಂದು ನೇರ ಲಿಫ್ಟ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪು) ಕೊಟ್ಟೆ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಇಲ್ಲೊಂದು ಸೂಕ್ಷ್ಮ ಇದೆ: ಕ್ಯಾನನ್ನು ಎತ್ತರದಲ್ಲಿ ಇಡಬಾರದು. ಮೇಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ಪಂಪು ಸೋತಿದ್ದರೂ ಗೊತ್ತಾಗಲ್ಲ. ಟ್ಯಾಂಕ್ ಇರುವ ಮಟ್ಟಕ್ಕೇ ಇಡಬೇಕು. ಬೋಟನ್ನು ದಡಕ್ಕೆ ದಪ್ಪ ಹಗ್ಗಗಳಲ್ಲಿ ಬಿಗಿದು, ಗೇರ್ ಹಾಕಿ ಲೋಡ್ ಕೊಟ್ಟೆ. ಎಂಜಿನ್ ಒಂದೇ ಸಮ ಓಡಿತು. ಒಂದು ಸಲವೂ ಮಿಸ್ ಹೊಡೆಯಲಿಲ್ಲ.

ಆ ಒಂದು ಪರೀಕ್ಷೆಯಲ್ಲೇ ಲಿಫ್ಟ್ ಪಂಪ್, ಎಂಜಿನ್ ಮೇಲಿನ ಸಣ್ಣ ಫಿಲ್ಟರ್, ಇಂಜೆಕ್ಟರಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಇಂಜೆಕ್ಷನ್ ಪಂಪ್, ಇಂಜೆಕ್ಟರ್ ಎಲ್ಲವೂ ಚೆನ್ನಾಗಿವೆ ಅಂತ ಖಾತ್ರಿಯಾಯಿತು. ಜಾಸ್ತಿ ದುಡ್ಡು ಬೇಡುವ ಭಾಗಗಳೆಲ್ಲ ಇವೇ. ಇನ್ನು ಉಳಿದದ್ದು ಟ್ಯಾಂಕಿನಿಂದ ಲಿಫ್ಟ್ ಪಂಪಿನ ತನಕದ ದಾರಿ ಮಾತ್ರ.

ಈ ಭಾಗದ ಗುಣವೇ ಬೇರೆ. ಪಂಪಿನ ಆಚೆ, ಇಂಜೆಕ್ಟರ್ ಕಡೆ ಎಲ್ಲಾದರೂ ಲೂಸ್ ಇದ್ದರೆ ಡೀಸೆಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ. ಪಂಪಿನ ಈಚೆ, ಟ್ಯಾಂಕಿನ ಕಡೆ, ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ನೀರು ಹೀರಿದ ಹಾಗೆ. ಹೊರಗಡೆ ಎಲ್ಲಾ ಒಣಗಿದೆ ಅಂತ ನಂಬಿ ಕೂರುವಂತಿಲ್ಲ.

ಹಳೇ ಪೈಪು ಮೊದಲಿದ್ದಂತೆ ಜೋಡಿಸಿ, ನೀರು ಬೇರ್ಪಡಿಸುವ ದೊಡ್ಡ ಫಿಲ್ಟರಿಗೂ ಲಿಫ್ಟ್ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದೆ. ಐಡ್ಲಿಂಗಿನಲ್ಲಿ ಡೀಸೆಲ್ ಸ್ವಚ್ಛ. ಲೋಡ್ ಕೊಟ್ಟು ಹಾಗೇ ಬಿಟ್ಟೆ. ಬರ್ತಾ ಬರ್ತಾ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಫಿಲ್ಟರ್ ಬಿಚ್ಚಿದರೆ ಬಟ್ಟಲಿನ ರಬ್ಬರ್ ಓ-ರಿಂಗ್ ಗಟ್ಟಿಯಾಗಿ, ಚಪ್ಪಟೆಯಾಗಿ, ಉಗುರಲ್ಲಿ ಒತ್ತಿದರೆ ಬಿರುಕು ಬಿಡುತ್ತಿತ್ತು. ಹೊಸ ಓ-ರಿಂಗ್, ಹೊಸ ತಾಮ್ರದ ವಾಷರ್, ಹೊಸ ಕ್ಲಿಪ್ ಹಾಕಿದೆ. ಗುಳ್ಳೆ ನಿಂತಿತು.

ಆದರೆ ಅಲ್ಲಿಗೆ ಕೈ ತೊಳೆದುಕೊಳ್ಳುವಂತಿರಲಿಲ್ಲ. ಐಡ್ಲಿಂಗಿನಲ್ಲಿ ಬಾರದ ಗಾಳಿ ಲೋಡ್ ಕೊಟ್ಟಾಗ ಮಾತ್ರ ಯಾಕೆ ಬರಬೇಕು? ಪಂಪು ಬಲವಾಗಿ ಎಳೆದಾಗ ಹಳೇ ಓ-ರಿಂಗ್ ಸೋತಿತ್ತು. ಪಂಪು ಅಷ್ಟು ಬಲವಾಗಿ ಎಳೆಯಬೇಕಾದರೆ ಎಲ್ಲೋ ಡೀಸೆಲ್‌ಗೆ ಅಡ್ಡ ಬಂದಿದೆ ಅಂತ ಅರ್ಥ. ಗಾಳಿ ಹೋಗುವ ಜಾಗ ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಡ್ಡಿ ಹಾಗೇ ಉಳಿದರೆ ಮುಂದೆ ಇನ್ನೊಂದು ಜಾಯಿಂಟ್ ಸೋಲುತ್ತದೆ.

ಅಡ್ಡಿಯನ್ನು ಹಿಡಿಯುವುದಕ್ಕೆ ಪಂಪಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಬೇಕು. ಫಿಲ್ಟರ್ ದಾಟಿದ ಮೇಲೆ ಟಿ ಜಾಯಿಂಟ್ ಹಾಕಿ ಗೇಜ್ ಕೂರಿಸಿದೆ. ಎಂಜಿನ್ ಓಡಿದಷ್ಟೂ ಮುಳ್ಳು ಏರುತ್ತಲೇ ಹೋಯಿತು. ಹೊಸ ಫಿಲ್ಟರ್ ಹಾಕಿದೆ, ಆದರೂ ಏರಿತು. ಗೇಜನ್ನು ಫಿಲ್ಟರಿನ ಹಿಂದಕ್ಕೆ, ಟ್ಯಾಂಕಿನ ಕಡೆಗೆ ತಂದೆ. ಅಲ್ಲೂ ಅಷ್ಟೇ. ಟ್ಯಾಂಕಿನೊಳಗೆ ಗಾಳಿ ಬಿಡುವ ಬ್ರೀದರ್ ಪೈಪು ಕಟ್ಟಿಕೊಂಡರೂ ಹೀಗಾಗುತ್ತದೆ. ಆಗ ಡೀಸೆಲ್ ತುಂಬುವ ಮುಚ್ಚಳ ಬಿಚ್ಚಿದರೆ ಸುಯ್ ಅಂತ ಗಾಳಿ ಒಳಗೆ ನುಗ್ಗುತ್ತದೆ, ಮುಳ್ಳು ಇಳಿಯುತ್ತದೆ. ಮುಚ್ಚಳ ಬಿಚ್ಚಿದೆ, ಸದ್ದೂ ಇಲ್ಲ, ಮುಳ್ಳು ಕದಲಲೂ ಇಲ್ಲ.

ಉಳಿದದ್ದು ಟ್ಯಾಂಕಿನೊಳಗೆ ಇಳಿಬಿಟ್ಟ ಪೈಪು. ಅದನ್ನು ಮೇಲೆಳೆದಾಗ ತುದಿಯಲ್ಲೊಂದು ಹಿತ್ತಾಳೆ ಜಾಲರಿ ಇತ್ತು. ಅದರ ಸುತ್ತ ಕಪ್ಪು ಲೋಳೆ, ಮುಟ್ಟಿದರೆ ಜಾರುವಂಥದ್ದು, ಮೂಗಿಗೆ ಕೊಳೆತ ವಾಸನೆ. ಟ್ಯಾಂಕಿನ ತಳದಲ್ಲಿ ನೀರು ನಿಂತರೆ, ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಡೀಸೆಲ್ ತಿಂದು ಬದುಕುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಈ ಲೋಳೆ ಅವುಗಳದ್ದೇ. ಪಂಪು ಎಳೆದಾಗ ಅದು ಜಾಲರಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆತ ನಿಂತು, ಕಳಚಿ ತಳಕ್ಕೆ ಬೀಳುತ್ತದೆ. ಏರ್ ತೆಗೆದಾಗ ಪ್ರತಿ ಸಲ ಸರಿಹೋಗುತ್ತಿದ್ದದ್ದು ಯಾಕೆ ಅಂತ ಆಗ ಪೂರ್ತಿ ಅರ್ಥವಾಯಿತು. ಗಾಳಿಯೂ ಹೊರಗೆ ಹೋಗುತ್ತಿತ್ತು, ಆ ಹೊತ್ತಿಗೆ ಜಾಲರಿಯೂ ತಾನಾಗಿ ಖಾಲಿಯಾಗುತ್ತಿತ್ತು.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಮೇಲಿನ ಕಿಂಡಿಯಿಂದ ಕೈ ಹಾಕಿ ತಳ, ಮೂಲೆ ಎಲ್ಲಾ ನೂಲು ಬಿಡದ ಬಟ್ಟೆಯಲ್ಲಿ ಒರೆಸಿದೆ. ಸೂಕ್ಷ್ಮಜೀವಿ ಕೊಲ್ಲುವ ಔಷಧಿ ಹಾಕಿದ್ದು ಆಮೇಲೆ. ಕೊಳೆ ಇರುವಾಗಲೇ ಸುರಿದರೆ ಸತ್ತ ಲೋಳೆಯೆಲ್ಲ ಬಂದು ಫಿಲ್ಟರಿಗೆ ತುಂಬಿಕೊಳ್ಳುತ್ತದೆ. ಜಾಲರಿಯನ್ನು ತೆಗೆದೇ ಬಿಟ್ಟೆ. ಕೊಳೆ ಹಿಡಿಯುವ ಕೆಲಸಕ್ಕೆ ಫಿಲ್ಟರ್ ಇದೆ, ಅದು ಕೈಗೆ ಸಿಗುವ ಜಾಗದಲ್ಲಿದೆ. ಕೈಗೆ ಸಿಗದ ಕಡೆ ಜಾಲರಿ ಯಾಕೆ ಬೇಕು ಹೇಳಿ?

ಕೊನೆಗೆ ಇಡೀ ಲೈನಿನ ಏರ್ ತೆಗೆಯಬೇಕು. ಮೊದಲು ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಗೆ ಬಿಡುವ ಸ್ಕ್ರೂ) ಸಡಿಲಿಸಿ ಲಿಫ್ಟ್ ಪಂಪಿನ ಕೈ ಲಿವರ್ ಆಡಿಸುವುದು. ಲಿವರ್ ಸುಮ್ನೆ ಆಡುತ್ತಿದೆ, ಹಿಡಿತವೇ ಇಲ್ಲ ಅಂದರೆ ಪಂಪು ಕೆಟ್ಟಿದೆ ಅಂದುಕೊಳ್ಳಬೇಡಿ. ಎಂಜಿನ್ ಓಡುವಾಗ ಪಂಪನ್ನು ಒತ್ತುವ ಕ್ಯಾಮ್ ಅದನ್ನು ಆಗಲೇ ಒತ್ತಿ ಹಿಡಿದಿರಬಹುದು, ಎಂಜಿನ್ ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಗುಳ್ಳೆ ನಿಂತ ಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ. ಆಮೇಲೆ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ ಎಂಜಿನ್ ತಿರುಗಿಸುವುದು. ಕೈ ದೂರ ಇರಲಿ. ಇಂಜೆಕ್ಟರ್ ಬಾಯಿ ತೆರೆಯುವುದೇ 100 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಅದು ಆಸ್ಪತ್ರೆಗೆ ಓಡಬೇಕಾದ ಗಾಯ.

ಇನ್ನೊಂದು ಮಾತು. ಎಕ್ಸಾಸ್ಟಿಗೆ ನೀರು ಬಿಡುವ ಎಂಜಿನ್ ಆದರೆ, ಸ್ಟಾರ್ಟ್ ಆಗದೆ ತುಂಬಾ ಹೊತ್ತು ತಿರುಗಿಸುವಾಗ ಹೊರಗಿನ ನೀರಿನ ವಾಲ್ವ್ ಮುಚ್ಚಿರಬೇಕು. ಇಲ್ಲದಿದ್ದರೆ ಮಫ್ಲರ್ ತುಂಬಿ ನೀರು ಸಿಲಿಂಡರಿಗೇ ನುಗ್ಗುತ್ತದೆ. ಎಂಜಿನ್ ಹೊತ್ತಿಕೊಂಡ ತಕ್ಷಣ ವಾಲ್ವ್ ತೆರೆಯಬೇಕು, ತಡವಾದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಒಣಗಿ ಹರಿದುಹೋಗುತ್ತದೆ.

ಗೇಜನ್ನು ಫಿಲ್ಟರ್ ದಾಟಿದ ಮೇಲೆ, ಪಂಪಿನ ಕಡೆ ಶಾಶ್ವತವಾಗಿ ಕೂರಿಸಿದ್ದೇನೆ. ಹೊಸ ಫಿಲ್ಟರ್ ಹಾಕಿ, ಫುಲ್ ಲೋಡಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೆ ಗೆರೆ ಎಳೆದಿದ್ದೇನೆ. ಮುಳ್ಳು ಗೆರೆ ದಾಟಿ ಏರತೊಡಗಿದರೆ ಫಿಲ್ಟರ್ ಬದಲಿಸುತ್ತೇನೆ, ಎಂಜಿನ್ ನಿಲ್ಲಲಿ ಅಂತ ಕಾಯುವುದಿಲ್ಲ. ಹೊರಡುವ ಮೊದಲು ಫಿಲ್ಟರ್ ಬಟ್ಟಲಿನ ತಳದಿಂದ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಬಿಟ್ಟು ನೋಡುತ್ತೇನೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಅದು ಪೂರ್ತಿ ಹೋಗುವ ತನಕ ಡ್ರೈನ್ ಮಾಡಿಯೇ ಹೊರಡುವುದು.